ಮತ್ತೆ ನೆನೆದಾಗ ಸಡಿಲವಾಗುವ ಭಯ

1979ರಲ್ಲಿ ‘ನಾ ನಿನ್ನ ಬಿಡಲಾರೆ’ ನೋಡಿ ಹೆದರಿದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಅನಂತನಾಗ್ ಮೈಮೇಲೆ ಕಾಮಿನಿಯ ಪ್ರೇತ ಬರುವುದು ನೆನಪಾದರೆ ಇಂದಿಗೂ ಎದ್ದು ಹೋಗಿ ಹಿತ್ತಲ ಬಾಗಿಲ ಚಿಲಕ ನೋಡಿಬರುವವರು ನನ್ನ ಬಳಗದಲ್ಲೇ ಇದ್ದಾರೆ. ಅವರಲ್ಲಿ ಕೆಲವರು ದೊಡ್ಡವರಾದ ಮೇಲೆ ಆ ಚಿತ್ರವನ್ನು ಮತ್ತೆ ನೋಡಿ ಹಗುರಾದರು. ಕೆಲವರು ಅರ್ಧಕ್ಕೇ ನಿಲ್ಲಿಸಿ, ರಾತ್ರಿ ಮತ್ತೆ ನಿದ್ದೆಗೆಟ್ಟರು. ಅದೇ ಚಿತ್ರ, ಹೆಚ್ಚುಕಡಿಮೆ ಅದೇ ವಯಸ್ಸು. ಒಬ್ಬರಿಗೆ ಬಿಟ್ಟುಹೋದ ಭಯ ಇನ್ನೊಬ್ಬರಿಗೆ ಯಾಕೆ ಅಂಟಿಕೊಂಡಿತು?

ಇದೇನೂ ನಮ್ಮವರಿಗಷ್ಟೇ ಇರುವ ಪಾಡಲ್ಲ. ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೋಆನ್ ಕ್ಯಾಂಟರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 90ರಷ್ಟು ಮಂದಿ ಚಿಕ್ಕಂದಿನಲ್ಲಿ ಯಾವುದೋ ಚಿತ್ರ ಅಥವಾ ಟಿವಿ ಕಾರ್ಯಕ್ರಮ ನೋಡಿ ಬಹುಕಾಲ ಹೆದರಿದ್ದಾಗಿ ಹೇಳಿದರು. ಕಾಲು ಭಾಗದಷ್ಟು ಮಂದಿಯಲ್ಲಿ ಆ ಅಂಜಿಕೆ ಆಗಲೂ ಉಳಿದಿತ್ತು.

ಭಯವನ್ನು ಬಿಡಿಸಬಹುದೆಂದು ಮೊದಲು ಪ್ರಯೋಗ ಮಾಡಿ ತೋರಿಸಿದವರಲ್ಲಿ ಮೇರಿ ಕವರ್ ಜೋನ್ಸ್ ಒಬ್ಬರು. ಮೊಲ ಕಂಡರೆ ಕಿರುಚುತ್ತಿದ್ದ, ಇನ್ನೂ ಮೂರು ತುಂಬದ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಪಂಜರದ ಮೊಲವನ್ನು ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಹುಡುಗ ಮೊಲದ ಮೈ ಸವರಿದ. ಇದು ಪ್ರಕಟವಾದದ್ದು 1924ರಲ್ಲಿ. ಆದರೆ ಹೀಗೆ ಹೋದ ಭಯ ಸುಮ್ಮನೆ ಮಲಗಿರುತ್ತದೆ, ಪೂರಾ ಅಳಿಯುವುದಿಲ್ಲ. ಅಳಿಸಿದ ಕಲಿಕೆ ಕೆಲಕಾಲದ ಮೇಲೆ ತಾನಾಗಿ ಮರಳುವುದನ್ನು ರಷ್ಯದ ಪಾವ್ಲೊವ್ ತಮ್ಮ ನಾಯಿಗಳಲ್ಲಿ ಆಗಲೇ ಕಂಡಿದ್ದರು.

ಹಾಗಾಗಿ ಬಹುಕಾಲ ವಿಜ್ಞಾನಿಗಳ ನಂಬಿಕೆ ಇಷ್ಟೇ ಆಗಿತ್ತು: ನೆನಪು ಒಮ್ಮೆ ಗಟ್ಟಿಯಾಯಿತೆಂದರೆ ಮುಗಿಯಿತು, ಅದರ ಮೇಲೆ ಹೊಸ ನೆನಪನ್ನು ಹೇರಬಹುದೇ ಹೊರತು ಹಳೆಯದನ್ನು ಮುಟ್ಟಲಾಗದು. 1968ರಲ್ಲಿ ಡೊನಾಲ್ಡ್ ಲೂಯಿಸ್ ಮತ್ತು ಸಂಗಡಿಗರು ಇದಕ್ಕೆ ವಿರುದ್ಧವಾದ ಫಲಿತಾಂಶವನ್ನೇ ಪ್ರಕಟಿಸಿದ್ದರು. ಇಲಿಗೆ ಹಳೆಯ ಭಯ ನೆನಪಿಸಿದ ಕೂಡಲೆ ಮೆದುಳಿಗೆ ವಿದ್ಯುತ್ ಆಘಾತ ಕೊಟ್ಟರೆ ಆ ಭಯ ಮರೆಯಾಗುತ್ತಿತ್ತು. ಎಲ್ಲರಿಗೂ ಇದೇ ಫಲ ಸಿಗಲಿಲ್ಲ, ವಿಷಯ ಮೂಲೆಗೆ ಬಿತ್ತು. ಮೂವತ್ತು ವರ್ಷ ಅಲ್ಲೇ ಬಿದ್ದಿತ್ತು ಎನ್ನುವುದು ನನಗೆ ಈ ಕತೆಯಲ್ಲಿ ಅತ್ಯಂತ ಬೇಸರ ತರಿಸುವ ಭಾಗ.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಕರೀಮ್ ನಾದರ್. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಲೆಡೂ ಅವರ ಪ್ರಯೋಗಾಲಯದಲ್ಲಿದ್ದ ಯುವಕ. ನೆನಪು ಗಟ್ಟಿಯಾಗಲು ಮೆದುಳು ಹೊಸ ಪ್ರೋಟೀನ್ ತಯಾರಿಸಬೇಕು ಎಂಬುದರ ಬಗ್ಗೆ ಎರಿಕ್ ಕ್ಯಾಂಡಲ್ ಅವರ ಉಪನ್ಯಾಸ ಕೇಳಿದಾಗ ನಾದರ್ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ನೆನಪಿಸಿಕೊಂಡಾಗಲೂ ಇದೇ ಕೆಲಸ ಹೊಸದಾಗಿ ನಡೆಯಬೇಕೇನೋ? ಇದು ಆಗದ ಮಾತೆಂದೇ ಗುರು ಲೆಡೂ ಭಾವಿಸಿದ್ದರು. ಶಿಷ್ಯ ಸುಮ್ಮನಾಗಲಿಲ್ಲ.

ನಾದರ್ ಇಲಿಗಳಿಗೆ ಒಂದು ಸದ್ದು ಕೇಳಿಸಿ ಪಾದಕ್ಕೆ ಸಣ್ಣ ಆಘಾತ ಕೊಟ್ಟರು. ಆಮೇಲೆ ಆ ಸದ್ದೊಂದೇ ಸಾಕು, ಇಲಿ ಇದ್ದಲ್ಲೇ ಮರಗಟ್ಟುತ್ತದೆ. ಉಸಿರಾಟದ ಅಲುಗಾಟ ಬಿಟ್ಟರೆ ಮೈಯಲ್ಲಿ ಬೇರೆ ಚಲನೆ ಇರುವುದಿಲ್ಲ. ಮರುದಿನ ಸದ್ದನ್ನು ಒಂದೇ ಸಲ ಕೇಳಿಸಿ, ಭಯದ ನೆನಪು ಎದ್ದ ಕೂಡಲೆ ಪ್ರೋಟೀನ್ ತಯಾರಿಕೆ ತಡೆಯುವ ಅನಿಸೊಮೈಸಿನ್ ಮದ್ದನ್ನು ಅಮಿಗ್ಡಲಕ್ಕೇ ಚುಚ್ಚಿದರು. ಭಯದ ಕಲಿಕೆಗೆ ಆಧಾರವಾದ ಮೆದುಳಿನ ಭಾಗ ಅದು. ಆಮೇಲೆ ಅದೇ ಸದ್ದು ಕೇಳಿಸಿದಾಗ ಇಲಿಗಳು ಮರಗಟ್ಟುವುದು ಬಹಳ ಕಡಿಮೆಯಾಗಿತ್ತು. ಸದ್ದು ಕೇಳಿಸದೆ ಬರೀ ಮದ್ದು ಕೊಟ್ಟರೆ ಭಯ ಹಾಗೇ ಉಳಿಯಿತು. ಸದ್ದು ಕೇಳಿಸಿ ಆರು ಗಂಟೆ ತಡವಾಗಿ ಮದ್ದು ಕೊಟ್ಟರೂ ಫಲವಿಲ್ಲ. ಹದಿನಾಲ್ಕು ದಿನ ಹಳೆಯ ಭಯವನ್ನೂ ಹೀಗೆ ಸಡಿಲಿಸಬಹುದಿತ್ತು. ಅಂದರೆ ನೆನೆದಾಗ ನೆನಪು ಕೆಲವು ಗಂಟೆ ಮೆತ್ತಗಾಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. 2000ದ ಆಗಸ್ಟ್‌ನಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಹಳೆಯ ನಂಬಿಕೆ ಅಲುಗಿತು.

ಮನುಷ್ಯರ ಮೆದುಳಿಗೆ ಹೀಗೆ ಚುಚ್ಚಲಾದೀತೇ? ಅದೇ ವಿಶ್ವವಿದ್ಯಾಲಯದ ಡೇನಿಯೆಲಾ ಶಿಲ್ಲರ್, ಎಲಿಜಬೆತ್ ಫೆಲ್ಪ್ಸ್ ಮತ್ತು ಸಂಗಡಿಗರು 2010ರಲ್ಲಿ ಮದ್ದಿಲ್ಲದ ದಾರಿ ತೋರಿಸಿದರು. ಮಣಿಕಟ್ಟಿನ ಆಘಾತದೊಂದಿಗೆ ಬೆಸೆದ ಬಣ್ಣದ ಚೌಕವನ್ನು ಒಮ್ಮೆ ತೋರಿಸಿ, ಹತ್ತು ನಿಮಿಷ ಬಿಟ್ಟು, ಆಘಾತವಿಲ್ಲದೆ ಮತ್ತೆ ಮತ್ತೆ ತೋರಿಸಿದರು. ಅವರ ವರದಿಯಂತೆ ಒಂದು ವರ್ಷದ ನಂತರವೂ ಆ ಭಯ ಮರಳಿರಲಿಲ್ಲ. ಇದನ್ನೇ ಮತ್ತೆ ಮಾಡಿ ನೋಡಿದ ಬೆಲ್ಜಿಯಂನ ತಂಡವೊಂದಕ್ಕೆ ಮಾತ್ರ 2020ರಲ್ಲಿ ಆ ಫಲ ಸಿಗಲಿಲ್ಲ. ವಾದ ಮುಗಿದಿಲ್ಲ, ಮುಗಿದಿದೆ ಎನ್ನುವವರನ್ನು ನಂಬಬೇಡಿ.

ಆದರೂ ಹಳೆಯ ಹೆದರಿಕೆಯ ಚಿತ್ರ ಮತ್ತೆ ನೋಡುವವರಿಗೆ ಇಲ್ಲೊಂದು ಸುಳಿವಿದೆ ಎಂದು ನನಗೆ ಅನ್ನಿಸುತ್ತದೆ. ಭಯ ನೆತ್ತಿಗೇರಿದಾಗಲೇ ಟಿವಿ ಆರಿಸಿದರೆ ಎದ್ದ ನೆನಪಿಗೆ ಹೊಸ ಭಯವೇ ಸೇರುತ್ತದೆ. ಕೊನೆಯವರೆಗೂ ಕೂತರೆ ಏನೂ ಆಗಲಿಲ್ಲವೆಂಬ ಅನುಭವ ಸೇರುತ್ತದೆ. ಆದ್ದರಿಂದ ನೋಡುವುದಾದರೆ ಹಗಲು ಹೊತ್ತು, ನಿಮ್ಮವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೂರ್ತಿ ನೋಡಿ. ಹೆದರಿಕೆ ಬಿಡಿಸುವ ನೆಪದಲ್ಲಿ ಮಕ್ಕಳನ್ನು ಮಾತ್ರ ಬಲವಂತವಾಗಿ ತೆರೆಯ ಮುಂದೆ ಕೂರಿಸಬೇಡಿ. ಪೀಟರ್‌ನ ಮೊಲ ಹತ್ತಿರ ಬಂದದ್ದು ಅವನು ತಾಳುವಷ್ಟೇ. ಇನ್ನು ಅಪಘಾತ, ಹಿಂಸೆಗಳಂಥ ನಿಜವಾದ ಆಘಾತವನ್ನು ಒಬ್ಬರೇ ಕೆದಕಲು ಹೋಗದೆ ಮನೋವೈದ್ಯರ ಬಳಿ ಹೋಗಿ.