ಬಟನ್ ಒತ್ತಿ, ಮಿಕ್ಕಿದ್ದು ನಮಗೆ ಬಿಡಿ!

ಮನೇಲಿ ಹಳೇ ಆಲ್ಬಂ ಇದ್ದರೆ ಒಮ್ಮೆ ತೆಗೆದು ನೋಡಿ. ಒಂದು ರೀಲಿಗೆ 36 ಫೋಟೋ. ನಾಮಕರಣ, ಹಬ್ಬ, ಧರ್ಮಸ್ಥಳದ ಟ್ರಿಪ್ಪು, ಎಲ್ಲಾ ಅದರಲ್ಲೇ ಮುಗೀಬೇಕಿತ್ತು. ಆ ರೀಲಿನ ಹಳದಿ ಡಬ್ಬಿ ನೆನಪಿದೆ ಅಲ್ವಾ? ಕೊಡಾಕ್! ಅದರ ಹಿಂದೆ ಒಬ್ಬ ಬ್ಯಾಂಕ್ ಗುಮಾಸ್ತನ ಕಥೆ ಇದೆ.

ಹೆಸರು ಜಾರ್ಜ್ ಈಸ್ಟ್‌ಮನ್. ಅಮೆರಿಕದ ರಾಚೆಸ್ಟರ್ ಊರಿನವರು. 1877ರಲ್ಲಿ ಅವರಿಗೆ ಫೋಟೋ ಹುಚ್ಚು ಹತ್ತಿತು. ಆಗ ಫೋಟೋ ತೆಗೆಯೋದು ಅಂದರೆ ತಮಾಷೆ ಅಲ್ಲ. ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, ಗಾಜಿನ ಪ್ಲೇಟು, ರಾಸಾಯನಿಕದ ಬಾಟಲಿಗಳು, ಕತ್ತಲೆಗೊಂದು ಡೇರೆ. ಗಾಜಿಗೆ ಅಲ್ಲೇ ರಾಸಾಯನಿಕ ಬಳಿದು, ಅದು ಒಣಗೋದರೊಳಗೆ ಫೋಟೋ ತೆಗೆದು ತೊಳೀಬೇಕು. ಹಗಲು ಬ್ಯಾಂಕಿನ ಲೆಕ್ಕ, ರಾತ್ರಿ ಅಮ್ಮನ ಅಡುಗೆಮನೆಯಲ್ಲಿ ಪ್ರಯೋಗ. ಕೊನೆಗೆ, ಮೊದಲೇ ತಯಾರಾದ ಒಣ ಪ್ಲೇಟುಗಳನ್ನು ಮಾರುಕಟ್ಟೆಗೆ ತಂದರು.

ಪೆಟ್ಟು ಬಿದ್ದಿದ್ದು ಅಲ್ಲೇ. ಅಂಗಡಿಗಳಲ್ಲಿದ್ದ ಪ್ಲೇಟುಗಳು ಕೆಟ್ಟುಹೋದವು. ಇನ್ನೂ ಎಳೇ ಕಂಪನಿ. ಆದರೂ ಈಸ್ಟ್‌ಮನ್ ಅವನ್ನೆಲ್ಲ ವಾಪಸ್ ತರಿಸಿ ಬೇರೆ ಕೊಟ್ಟರು. ದುಡ್ಡು ಹೋಯಿತು, ಹೆಸರು ಉಳಿಯಿತು.

1888ರಲ್ಲಿ ಕೊಡಾಕ್ ಕ್ಯಾಮೆರಾ ಬಂತು. ಬೆಲೆ 25 ಡಾಲರ್. ಒಳಗೆ 100 ಫೋಟೋದ ರೋಲ್. ಮುಗಿದ ಮೇಲೆ ಕ್ಯಾಮೆರಾನೇ ರಾಚೆಸ್ಟರ್‌ಗೆ ಕಳಿಸೋದು. 10 ಡಾಲರ್ ಕೊಟ್ಟರೆ ಫೋಟೋಗಳ ಜೊತೆ ಹೊಸ ರೋಲ್ ತುಂಬಿದ ಕ್ಯಾಮೆರಾ ವಾಪಸ್! ನೀವು ಬಟನ್ ಒತ್ತಿ, ಮಿಕ್ಕಿದ್ದು ನಾವು ಮಾಡ್ತೀವಿ ಅನ್ನೋದೇ ಜಾಹೀರಾತು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾಗೆ ಒಂದೇ ಡಾಲರ್. ಮಕ್ಕಳ ಕೈಗೂ ಕ್ಯಾಮೆರಾ ಬಂತು.

ಒಂದು ಡಾಲರ್‌ಗೆ ಕ್ಯಾಮೆರಾ ಕೊಟ್ಟರೆ ಲಾಭ ಎಲ್ಲಿಂದ? ಇಲ್ಲೇ ಇರೋದು ಲೆಕ್ಕ. ಕ್ಯಾಮೆರಾ ಕೊಳ್ಳೋದು ಒಂದು ಸಲ, ರೀಲು ಕೊಳ್ಳೋದು ಪ್ರತಿ ಸಲ.

ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ನಮಗೆ ಕಲಿಸಿದರು. ಅದನ್ನು ಬಳಸೋರಿಗೆ ಏನು ಕಷ್ಟ ಅಂತ ಯಾರೂ ಕೇಳಲಿಲ್ಲ. ಈಸ್ಟ್‌ಮನ್ ಶುರು ಮಾಡಿದ್ದೇ ಆ ಕಷ್ಟದಿಂದ.

ಕಥೆಗೆ ಇನ್ನೊಂದು ಮುಖ ಇದೆ. 1975ರಲ್ಲಿ ರೀಲೇ ಬೇಡದ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದು ಇದೇ ಕೊಡಾಕ್‌ನ ಇಂಜಿನಿಯರ್ ಸ್ಟೀವ್ ಸ್ಯಾಸನ್. ಆದರೆ ಕಂಪನಿ ರೀಲಿನ ಲಾಭವನ್ನೇ ನೆಚ್ಚಿಕೊಂಡಿತ್ತು. 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ಜನರ ಕಷ್ಟ ಇಳಿಸಿಯೇ ಬೆಳೆದ ಕಂಪನಿ ಅದು. ಆದರೆ ರೀಲು ತೊಳೆಸೋದೂ ಒಂದು ಕಷ್ಟಾನೇ ಅಲ್ವಾ? ಅದನ್ನು ಇಳಿಸೋ ಹೊತ್ತಿಗೆ ಕೊಡಾಕ್ ಹಿಂದೆ ಉಳಿದಿತ್ತು.