ಪೆಟ್ಟಿಗೆಯೊಳಗಿನ ಗಾಳಿಗೂ ದುಡ್ಡು!

ಕೊಡಗಿನ ನೆಲ್ಯಹುದಿಕೇರಿ ಕಾವೇರಿ ದಡದ ಊರು. ಸುತ್ತಲೂ ಕಾಫಿ ತೋಟ, ತೋಟದ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ಅಲ್ಲಿನ ಅಜ್ಜಿಯೊಬ್ಬರಿಗೆ ಬೆಂಗಳೂರಿನ ಮೊಮ್ಮಕ್ಕಳ ಮನೆಗೆ ಒಂದು ಕೆ.ಜಿ. ಕಾಫಿಪುಡಿ, ಒಂದು ಕೆ.ಜಿ. ಕರಿಮೆಣಸು ಕಳಿಸುವ ಆಸೆ ಬಂತೆನ್ನಿ. ಎರಡು ಕೆ.ಜಿ.ಗೆ ಎಷ್ಟಾದೀತು ಎಂದು ಲೆಕ್ಕ ಹಾಕಿಕೊಂಡು ಕೊರಿಯರ್ ಅಂಗಡಿಗೆ ಹೋದರೆ, ಆರು ಕೆ.ಜಿ.ಯ ಬಿಲ್ಲು ಕೈಗೆ ಬರಬಹುದು! ತಕ್ಕಡಿ ಕೆಟ್ಟಿದೆಯೇ? ಇಲ್ಲ. ಅಂಗಡಿಯವರ ಕೈಯಲ್ಲಿ ತಕ್ಕಡಿಯ ಜೊತೆಗೆ ಅಳತೆ ಟೇಪೂ ಇರುತ್ತದೆ.

ಮಕ್ಕಳೇ, ಒಂದು ಲಾರಿಯ ತುಂಬ ಮಂಡಕ್ಕಿ ಮೂಟೆ ಹೇರಿದ್ದಾರೆ ಎಂದುಕೊಳ್ಳಿ. ಲಾರಿಗೆ ಭಾರವೇ ಆಗಿಲ್ಲ, ಆದರೆ ಇನ್ನೊಂದು ಮೂಟೆಗೆ ಜಾಗವಿಲ್ಲ. ತೂಕಕ್ಕೆ ಮಾತ್ರ ಬಾಡಿಗೆ ಪಡೆದರೆ ಲಾರಿಯವರಿಗೆ ನಷ್ಟ. ಹಾಗಾಗಿ ಸಾಗಣೆಯವರು ಪೆಟ್ಟಿಗೆ ಹಿಡಿಯುವ ಜಾಗವನ್ನೂ ತೂಕವಾಗಿ ಬದಲಿಸಿಕೊಳ್ಳುತ್ತಾರೆ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಎಂದು ಹೆಸರು. ನಾವು ಗಾತ್ರದ ತೂಕ ಎನ್ನೋಣ.

ಲೆಕ್ಕ ಸುಲಭ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 5000ದಿಂದ ಭಾಗಿಸಿ. ಬಂದದ್ದು ಕೆ.ಜಿ. ಹೆಚ್ಚಿನ ಕೊರಿಯರ್ ಸಂಸ್ಥೆಗಳ ಲೆಕ್ಕ ಇದೇ. ಅಂದರೆ ಐದು ಲೀಟರ್ ಎಣ್ಣೆ ಹಿಡಿಯುವಷ್ಟು ಜಾಗ ಒಂದು ಕೆ.ಜಿ.ಗೆ ಸಮ. ತಕ್ಕಡಿಯ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಈಗ ಅಜ್ಜಿಯ ಪೆಟ್ಟಿಗೆ ನೋಡೋಣ. ಅಟ್ಟದಲ್ಲಿ ಸಿಕ್ಕ ರಟ್ಟಿನ ಪೆಟ್ಟಿಗೆಯ ಅಳತೆ 40, 30, 25 ಸೆಂ.ಮೀ. ಗುಣಿಸಿದರೆ 30,000, ಭಾಗಿಸಿದರೆ 6 ಕೆ.ಜಿ. ಅದೇ ಸಾಮಾನನ್ನು 25, 20, 15 ಸೆಂ.ಮೀ.ನ ಪೆಟ್ಟಿಗೆಗೆ ತುಂಬಿದರೆ ಗಾತ್ರದ ತೂಕ ಒಂದೂವರೆ ಕೆ.ಜಿ. ಮಾತ್ರ. ರಟ್ಟು, ಅಂಟು ಟೇಪು ಸೇರಿ ತಕ್ಕಡಿ 2 ಕೆ.ಜಿ. 150 ಗ್ರಾಂ ತೋರಿಸಿದರೆ ಅದೇ ಲೆಕ್ಕಕ್ಕೆ ಬರುತ್ತದೆ. ಹಲವರು ಅರ್ಧ ಕೆ.ಜಿ.ಯ ಮೆಟ್ಟಿಲಿನಲ್ಲಿ ಎಣಿಸುವುದರಿಂದ ಎರಡೂವರೆ ಕೆ.ಜಿ.ಯ ದರ ಬೀಳುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿದ್ದರೆ ಮೂರೂವರೆ ಕೆ.ಜಿ. ಬರೀ ಗಾಳಿಗೆ ದುಡ್ಡು! ಮೆಣಸನ್ನು 200 ಗ್ರಾಂ ಕಡಿಮೆ ಹಾಕಿದ್ದರೆ ಎರಡು ಕೆ.ಜಿ.ಯ ಮೆಟ್ಟಿಲಲ್ಲೇ ನಿಲ್ಲುತ್ತಿತ್ತು.

ಇನ್ನೊಂದು ಸೋಜಿಗ. ಪ್ರತಿ ಬದಿಯೂ 20 ಸೆಂ.ಮೀ. ಇರುವ ಪೆಟ್ಟಿಗೆಯ ಗಾತ್ರದ ತೂಕ 1.6 ಕೆ.ಜಿ. ಬದಿಗಳನ್ನು 40 ಸೆಂ.ಮೀ. ಮಾಡಿದರೆ ಅದು 3.2 ಅಲ್ಲ, 12.8 ಕೆ.ಜಿ.! ಬದಿ ಎರಡು ಪಟ್ಟಾದರೆ ಜಾಗ ಎಂಟು ಪಟ್ಟು.

ಹಿಂದೆ ಕಾಗದಗಳಿಗೆ ತಕ್ಕಡಿಯ ಲೆಕ್ಕವೇ ಸಾಕಾಗಿತ್ತು. 1854ರ ಅಕ್ಟೋಬರ್ 1ರಿಂದ ಭಾರತದ ಅಂಚೆಯಲ್ಲಿ ಕಾಲು ತೊಲದೊಳಗಿನ, ಅಂದರೆ ಸುಮಾರು 3 ಗ್ರಾಂ ತೂಕದ ಕಾಗದಕ್ಕೆ ದೂರ ಎಷ್ಟೇ ಇರಲಿ, ಅರ್ಧ ಆಣೆ. ಕಾಗದ ಜಾಗ ಹಿಡಿಯುವುದಿಲ್ಲ, ಪೆಟ್ಟಿಗೆ ಹಿಡಿಯುತ್ತದೆ.

ಹಾಗೆಂದು ಎಲ್ಲವನ್ನೂ ಒತ್ತಿ ತುರುಕಬೇಡಿ. ಜೇನಿನ ಬಾಟಲಿಗೆ ಸುತ್ತಲೂ ಮೆತ್ತೆ ಬೇಕೇ ಬೇಕು. ದಾರಿಯಲ್ಲಿ ಒಡೆದರೆ ಉಳಿಸಿದ ದುಡ್ಡಿನಿಂದ ಏನು ಫಲ? ಕಾಫಿಪುಡಿ, ಮೆಣಸಿನಂಥ ಪೊಟ್ಟಣಗಳಿಗೆ ಮಾತ್ರ ಸರಿಹೊಂದುವ ಪುಟ್ಟ ಪೆಟ್ಟಿಗೆ ಹುಡುಕಿ.

ಅಜ್ಜ ಅಜ್ಜಿಯರೇ, ಮುಂದಿನ ಸಲ ಪೆಟ್ಟಿಗೆ ಕಟ್ಟುವಾಗ ಮೊಮ್ಮಕ್ಕಳ ಕೈಗೆ ಸ್ಕೇಲು ಕೊಡಿ. ಗುಣಾಕಾರ ಅವರದು, ಉಳಿದ ದುಡ್ಡಿಗೆ ಇನ್ನೊಂದು ಪೊಟ್ಟಣ ಕಾಫಿಪುಡಿ ನಿಮ್ಮದು.