ಮುಡಬಿಯ ಗೆಳೆಯನೊಡನೆ ಗಾಳ ಹಾಕಿದ ನಾಲ್ಕು ದಿನ

ತೋಟ ಬಿಟ್ಟು ನಾಲ್ಕು ದಿನ ಹೊರಗಿರಲು ನಮ್ಮಂಥ ಸಣ್ಣ ಬೆಳೆಗಾರರಿಗೆ ಮದುವೆ ಇಲ್ಲವೇ ಆಸ್ಪತ್ರೆ, ಇವೆರಡೇ ಕಾರಣ. ಮೀನು ಹಿಡಿಯಲು ಹೋಗುತ್ತೇನೆಂದು ನಾನು ರಜೆ ಚೀಟಿ ಬರೆದಾಗ ನಮ್ಮ ಸಂಘದ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. ಅಡಿಕೆಗೆ ಎರಡನೆಯ ಔಷಧಿ ಮುಗಿದು, ಕಾಫಿ ಹಣ್ಣಾಗಲು ಇನ್ನೂ ಕೆಲವು ವಾರ ಉಳಿದಿರುವ ಅಕ್ಟೋಬರ್ ತಿಂಗಳ ಬಿಡುವು ವರ್ಷಕ್ಕೊಮ್ಮೆ ಮಾತ್ರ ಸಿಗುವುದು. ಹೋದ ವರ್ಷ ಅದನ್ನು ಬೀದರ್ ಜಿಲ್ಲೆ ಬಸವಕಲ್ಯಾಣ ತಾಲೂಕಿನ ಮುಡಬಿಯಲ್ಲಿ ಕಳೆದೆ.

ಅಲ್ಲಿರುವ ನನ್ನ ಗೆಳೆಯನ ತಂದೆ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರ್ ಆಗಿ ನಮ್ಮ ಕೊಪ್ಪಕ್ಕೆ ವರ್ಗವಾಗಿ ಬಂದಾಗ ನಾವಿಬ್ಬರೂ ಐದನೆಯ ತರಗತಿಯಲ್ಲಿದ್ದೆವು. ಇಬ್ಬರದೂ ಕನ್ನಡವೇ ಆದರೂ ಅವನ ಮಾತು ನನಗೆ ಅರ್ಧ ತಿಳಿಯದು, ನನ್ನದು ಅವನಿಗೆ ಪೂರ್ತಿ ತಿಳಿಯದು. ಮುಂಗಾರಿನ ಮೊದಲ ವಾರ ಹತ್ತುಮೀನು ನೋಡಲು ಗದ್ದೆಯ ಕಾಲುವೆಗೆ ಕರೆದುಕೊಂಡು ಹೋದ ಮೇಲೆ ಆ ತೊಂದರೆ ಉಳಿಯಲಿಲ್ಲ. ಅವರ ಮನೆಯಲ್ಲಿ ಮೀನು ಒಲೆ ಹತ್ತುವುದಿಲ್ಲ. ಹಿಡಿಯುವುದು ಅವನು, ತಿನ್ನುವುದು ನಾನು ಎಂದು ಅಂದೇ ಕರಾರಾಯಿತು. ನಲವತ್ತು ವರ್ಷಕ್ಕೂ ಮೇಲಾದರೂ ಅದಕ್ಕೆ ತಿದ್ದುಪಡಿ ಬಂದಿಲ್ಲ. ನಮ್ಮ ಸಂಘದ ಬೈಲಾ ಕೂಡ ಇಷ್ಟು ಕಾಲ ಹಾಗೆಯೇ ನಿಂತದ್ದಿಲ್ಲ. ಮುಂದೆ ಧಾರವಾಡದ ಕೃಷಿ ಕಾಲೇಜಿನಲ್ಲೂ ಒಂದೇ ಕೊಠಡಿ. ಪದವಿಯಾದ ಮೇಲೆ ಅವನು ತೊಗರಿ ಹೊಲಕ್ಕೆ, ನಾನು ಅಡಿಕೆ ತೋಟಕ್ಕೆ.

ಕಲಬುರಗಿಯವರೆಗೆ ರಾತ್ರಿ ಬಸ್ಸು. ಅಲ್ಲಿಂದ ಹುಮನಾಬಾದಿನ ಕಡೆಗೆ 2017ರಿಂದ ರೈಲೂ ಇದೆ. ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳುವ ಆಸೆಯಿಂದ ನಾನು ರಸ್ತೆಯಲ್ಲೇ ಹೋದೆ. ಎರಡೂ ಕಡೆ ತೊಗರಿ. ನಡುನಡುವೆ ನಮ್ಮ ಕರಾವಳಿಯಂತೆಯೇ ಮುರಕಲ್ಲಿನ ದಿಬ್ಬ, ಅದರ ಪಕ್ಕದಲ್ಲಿ ಎರೆಮಣ್ಣು. ಆ ಸೀಮೆಯ ನೆಲ ಮಳೆಯನ್ನು ಎರಡು ಪಾಲು ಮಾಡುತ್ತದೆ. ಒಂದು ಮಗ್ಗುಲಿನ ನೀರು ಕಾರಂಜಾ ಹೊಳೆಗಿಳಿದು ಮಾಂಜ್ರಾ ಸೇರಿ ಗೋದಾವರಿಯಾಗುತ್ತದೆ. ಇನ್ನೊಂದು ಮಗ್ಗುಲಿನದು ಮುಲ್ಲಾಮಾರಿಯಾಗಿ ಕಾಗಿಣಾಕ್ಕೆ, ಅಲ್ಲಿಂದ ಭೀಮೆಗೆ, ಭೀಮೆಯಿಂದ ಕೃಷ್ಣೆಗೆ. ನಮ್ಮ ತುಂಗೆಯೂ ಭದ್ರೆಯನ್ನು ಕೂಡಿಕೊಂಡು ಕೊನೆಗೆ ಸೇರುವುದು ಕೃಷ್ಣೆಯನ್ನೇ. ನಾವು ಗಾಳ ಹಾಕಿದ್ದು ಮೇಲ್ದಂಡೆ ಮುಲ್ಲಾಮಾರಿ ಜಲಾಶಯದ ಹಿನ್ನೀರಿನಲ್ಲಿ.

ಹೊತ್ತು ಹುಟ್ಟುವ ಮೊದಲೇ ಗೆಳೆಯನ ಮನೆಯ ವೈನಿ ಕಟಕ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಡುತ್ತಿದ್ದರು. ದಡದಲ್ಲಿ ಕುಳಿತು ಜೋಳದ ಹಿಟ್ಟಿಗೆ ದನಕ್ಕೆ ಹಾಕುವ ಶೇಂಗಾ ಹಿಂಡಿ ಬೆರೆಸಿ ಗಟ್ಟಿಯಾಗಿ ಕಲಸಿ ಉಂಡೆ ಮಾಡುವುದು ಮೊದಲ ಕೆಲಸ. ಎರೆಹುಳುವಿಗೆ ಅಲ್ಲಿ ಮರ್ಯಾದೆ ಕಡಿಮೆ. ಬೆಂಡಿನಿಂದ ಕೊಕ್ಕೆಯವರೆಗೆ ಎಷ್ಟು ದಾರ ಬಿಡಬೇಕೆಂಬುದರಲ್ಲೇ ವಿದ್ಯೆಯೆಲ್ಲ ಇರುವುದು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ ತಳದ ಕೆಸರಿನಲ್ಲಿ. ಗೆಳೆಯ ಮೂರು ಗಾಳಕ್ಕೆ ಮೂರು ಅಳತೆ ಕಟ್ಟಿದ. ಮೊದಲ ದಿನ ಮೂರಕ್ಕೂ ಏನೂ ಬೀಳಲಿಲ್ಲ. ಎರಡನೆಯ ದಿನ ಎರಡು ರೋಹು. ಮೂರನೆಯ ದಿನ ಸಂಜೆ ಬೆಂಡು ಒಮ್ಮೆಲೇ ಮುಳುಗಿ, ಅವನು ಮೊಣಕಾಲುದ್ದ ನೀರಿಗಿಳಿದು ಹತ್ತು ನಿಮಿಷ ಗುದ್ದಾಡಿ ಎಳೆದದ್ದು ಒಳ್ಳೆಯ ಮೈಕಟ್ಟಿನ ಕಾಟ್ಲಾ. ಐವತ್ತು ದಾಟಿದ ಮನುಷ್ಯ ಹುಡುಗನಂತೆ ಕೂಗಿದ.

ಅಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘದ್ದು. ಗಾಳ ಹಾಕಲು ಅವರ ಒಪ್ಪಿಗೆ ಪಡೆದೆವು. ಬಿದ್ದ ಮೀನನ್ನು ಅವರ ತಕ್ಕಡಿಯಲ್ಲೇ ತೂಗಿಸಿ ಹಣ ಕೊಟ್ಟೆವು. ಕಾರ್ಯದರ್ಶಿಯ ಕಣ್ಣು ಎಲ್ಲಿ ಹೋದರೂ ಲೆಕ್ಕದ ಪುಸ್ತಕದ ಮೇಲೆ! ಯಾರ ಬಲೆ, ಎಷ್ಟು ಕಿಲೋ, ಯಾವ ದರ ಎಂಬುದೆಲ್ಲ ಒಬ್ಬ ಹುಡುಗನ ಕೈಬರಹದಲ್ಲಿ ಚೊಕ್ಕಟವಾಗಿತ್ತು. ಬಲೆಯ ಕಣ್ಣು ಸಣ್ಣದಾಗಿದ್ದರೆ ಆ ಬಲೆ ನೀರಿಗಿಳಿಯುವಂತಿಲ್ಲವೆಂದು ತಮ್ಮಲ್ಲೇ ಕಟ್ಟು ಮಾಡಿಕೊಂಡಿದ್ದಾರೆ. ಕಾರಣವಿದೆ. ಕಾಟ್ಲಾ, ರೋಹು, ಮೃಗಾಲ ಮೂರೂ ಹರಿಯುವ ನೆರೆನೀರಿನಲ್ಲಿ ಮೊಟ್ಟೆಯಿಡುವ ಜಾತಿ. ನಿಂತ ಕೆರೆಯಲ್ಲಿ ಮರಿಯಾಗುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆಯಿಡಿಸುವುದನ್ನು ಸಾಧಿಸಿದ ಮೇಲೆಯೇ ದೇಶದ ಕೆರೆಗಳಿಗೆ ಬೇಕಾದಷ್ಟು ಮರಿ ಸಿಗುವಂತಾದದ್ದು. ಆ ಹಿನ್ನೀರಿನ ಮೀನೂ ತಂದು ಬಿಟ್ಟದ್ದೇ. ಒಂದು ವರ್ಷ ಮಳೆ ಕೈಕೊಟ್ಟರೆ ಮರಿಯ ಹಣವೂ ನೀರಿನೊಂದಿಗೆ ಆವಿ. ಪಕ್ಕದ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತಂದದ್ದು ಓದುಗರಿಗೆ ನೆನಪಿರಬಹುದು. ಅದೇ ಬರದಲ್ಲಿ ಈ ಸೀಮೆಯವರು ಕೆರೆಯ ತಳದ ಬಿರುಕು ನೋಡಿದ್ದಾರೆ.

ಆ ಮಾತು ನಡೆಯುತ್ತಿದ್ದಾಗಲೇ ಗೆಳೆಯ ಗಾಳದಿಂದ ಕಣ್ಣು ತೆಗೆಯದೆ ಕೇಳಿದ: "ದೋಸ್ತ, ನಮ್ಮ ಕಡಿ ನೀರ ಇರಂಗಿಲ್ಲ, ಅದಕ್ಕ ಮೀನ ಇರಂಗಿಲ್ಲ. ಲೆಕ್ಕ ಸರಿ ಅದ. ನಿಮ್ಮ ಕಡಿ ನೀರ ಅದ. ಮೀನ ಎಲ್ಲಿ ಹೋದವು?"

ಎರಡು ವರ್ಷದ ಹಿಂದೆ ಜನವರಿಯಲ್ಲಿ ನನ್ನ ಮಗಳ ಮದುವೆಗೆ ಬಂದಿದ್ದವನು ಬೆಳಗ್ಗೆ ಎದ್ದು ಒಬ್ಬನೇ ಹಳೆಯ ಹಳ್ಳಕ್ಕೆ ಹೋಗಿ ಬಂದಿದ್ದನಂತೆ. ಕಂದು ನೀರು, ಹುಳಿ ವಾಸನೆ, ಒಂದು ಮೀನೂ ಇಲ್ಲ. ಮದುವೆ ಮನೆಯಲ್ಲಿ ಈ ಮಾತೇಕೆಂದು ಸುಮ್ಮನಿದ್ದ.

ಬೀದರಿಗೆ ವರ್ಷಕ್ಕೆ ಬೀಳುವುದು ಎಂಟುನೂರು ಒಂಬೈನೂರು ಮಿಲಿಮೀಟರ್ ಮಳೆ. ನಮ್ಮ ನೆರೆಯ ಆಗುಂಬೆಗೆ ಏಳು ಸಾವಿರಕ್ಕೂ ಮೇಲೆ. ಆದ್ದರಿಂದ ಉತ್ತರ ಮಳೆಯ ಲೆಕ್ಕದಲ್ಲಿಲ್ಲ, ನಮ್ಮ ಪಲ್ಪರ್ ಮನೆಗಳಲ್ಲಿದೆ. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆಯಿದೆ. ತೊಳೆದ ನೀರು ಹಳ್ಳಕ್ಕಿಳಿದರೆ ಅಲ್ಲಿ ಹುಳಿಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಪಲ್ಪಿಂಗ್ ನಡೆಯುವುದೂ ಹಳ್ಳ ಸೊರಗುವ ಡಿಸೆಂಬರ್, ಜನವರಿಯಲ್ಲೇ. ಇನ್ನು ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಶೇಕಡಾ 1ರ ದ್ರಾವಣ ಬಿಟ್ಟರೆ ಗತಿಯಿಲ್ಲ, ಅದನ್ನು ನಿಲ್ಲಿಸಿ ಎಂದು ನಾನು ಹೇಳುವವನಲ್ಲ. ಆದರೆ ನೀರು ಹತ್ತಿರವೆಂದು ಹಳ್ಳದ ಪಕ್ಕದಲ್ಲೇ ಡ್ರಮ್ ಇಟ್ಟು ಕಲಸಿ, ಉಳಿದದ್ದನ್ನು ಅಲ್ಲೇ ಚೆಲ್ಲಿ ತೊಳೆಯುವುದುಂಟಲ್ಲ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ತಾಮ್ರ ಮೀನಿಗೆ ವಿಷ. ಸುಣ್ಣದಂಶ ಕಡಿಮೆಯಿರುವ ನಮ್ಮ ಮಲೆನಾಡಿನ ಮೆದು ನೀರಿನಲ್ಲಿ ಆ ವಿಷ ಗಡಸು ನೀರಿಗಿಂತ ಹೆಚ್ಚು ತೀಕ್ಷ್ಣ.

ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದು 1897ರ ಕಾಯಿದೆಯಲ್ಲೇ ಅಪರಾಧವಾಗಿತ್ತು. ಆದರೂ ಕಾಕಮಾರಿ ಕಾಯಿ ಅರೆದು ಮಡುವಿಗೆ ಹಾಕುವವರು ಇಂದಿಗೂ ಇದ್ದಾರೆ. ಘಟ್ಟದ ಕೆಳಗೆ ಶಿಶಿಲದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೊಂದು ಸ್ಮಾರಕ ಕಟ್ಟಿದರು. ಶೃಂಗೇರಿಯ ಮಠದ ಕೆಳಗಿನ ತುಂಗೆಯಲ್ಲಿ ಇಂದೂ ಮೀನು ಮೈತುಂಬಿಕೊಂಡಿರುವುದು ಅಲ್ಲಿ ಯಾರೂ ಮುಟ್ಟದ ಕಾರಣಕ್ಕೆ.

ಹತ್ತುಮೀನಿನ ಕಥೆ ಬೇರೆಯೇ. ಅವು ಮೊಟ್ಟೆಯಿಡಲು ಹಳ್ಳದಿಂದ ಗದ್ದೆಗೆ ಏರುವ ಮೀನು. ಗದ್ದೆಗಳೆಲ್ಲ ಅಡಿಕೆ ತೋಟವಾದ ಮೇಲೆ ಏರುವುದಾದರೂ ಎಲ್ಲಿಗೆ? ಹುಡುಗರು ಕೂಳಿಯಲ್ಲಿ ಹಿಡಿದ ನಾಲ್ಕು ಮೀನಿನಿಂದ ಹಳ್ಳ ಬರಿದಾದದ್ದಲ್ಲ. ಹೋದ ಗದ್ದೆ ಮರಳಿ ಬರುವುದಿಲ್ಲವೆಂದು ನನಗೂ ಗೊತ್ತು. ಆದರೆ ಪಲ್ಪರ್ ನೀರಿನ ದಾರಿ ನಮ್ಮ ಕೈಯಲ್ಲಿದೆ. ಸಿಪ್ಪೆಯನ್ನು ಜರಡಿಯಲ್ಲಿ ತಡೆದು ಗೊಬ್ಬರದ ಗುಂಡಿಗೆ ಹಾಕಬೇಕು. ಅದೇ ನೀರನ್ನು ಮತ್ತೆ ಪಲ್ಪಿಂಗಿಗೆ ಬಳಸಬೇಕು. ಕೊನೆಗುಳಿದ ನೀರಿನ ಹುಳಿಯನ್ನು ಸುಣ್ಣದಿಂದ ಮುರಿದು, ಹಳ್ಳದಿಂದ ದೂರ ತೋಡಿದ ಹೊಂಡದಲ್ಲಿ ನಿಲ್ಲಿಸಬೇಕು. ಅಷ್ಟು ಜಾಗವಿಲ್ಲದ ಎರಡೆಕರೆಯವರಿಗೆ ಚೆರಿಯಾಗಿಯೇ ಒಣಗಿಸುವುದು ಲೇಸು. ನಾಲ್ಕೈದು ಮನೆಗೆ ಒಂದೇ ಹೊಂಡ ಮಾಡಿಕೊಳ್ಳಲು ಒಪ್ಪುವ ಸದಸ್ಯರಿದ್ದರೆ ಮುಂದಿನ ಮಾಸಿಕ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಲು ಸಿದ್ಧನಿದ್ದೇನೆ.

ಹೊರಡುವ ದಿನ ಗೆಳೆಯ ಐದು ಕಿಲೋ ತೊಗರಿ ಬೇಳೆ ಕಟ್ಟಿಕೊಟ್ಟು, "ಬರೋ ಮಿರಗಕ್ಕ ಮೊಮ್ಮಗನ್ನ ಕರ್ಕೊಂಡು ಬರ್ತೀನಿ, ಹತ್ತುಮೀನ ತೋರ್ಸು" ಎಂದ. ತೋರಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಮೃಗಶಿರಾ ಮಳೆಗೆ ಈಗಲೂ ಮೀನು ಏರುವ ಕಾಲುವೆ ಯಾವ ಸದಸ್ಯರ ಜಮೀನಿನಲ್ಲಾದರೂ ಇದ್ದರೆ ದಯವಿಟ್ಟು ಮೇ ತಿಂಗಳೊಳಗೆ ಸಂಘದ ಕಚೇರಿಗೆ ತಿಳಿಸಬೇಕು.